ಕೇಳುಗರ ತಂತಿ: ಬೇ ಏರಿಯಾದ ಬಾನುಲಿ ಇತಿಹಾಸದಿಂದ ಕೆಲವು ಪುಟಗಳು



ಕೂಟದ ಕಳೆದ ಸಭೆಯಲ್ಲಿ ನಾವು ಆಡಿದ ಮಾತುಗಳನ್ನು ಬರಹಕ್ಕಿಳಿಸಿ ಕೊಡಬೇಕೆಂದು ಸಂಪಾದಕರು ಅಪೇಕ್ಷೆಪಟ್ಟಿದ್ದಾರೆ. ಅಂದು ಉಪನ್ಯಾಸ ಮುಗಿದ ಮೇಲೆ ಹೈಸ್ಕೂಲಿನಲ್ಲಿ ಓದುತ್ತಿರುವ ಹುಡುಗಿಯೊಬ್ಬಳು ಎದ್ದು ನಿಂತು, "ನಮ್ಮ ತಾತನ ರೇಡಿಯೋ ಗರಾಜಿನಲ್ಲಿದೆ. ಅದರ ಹಿಂಬದಿಯಲ್ಲಿ ಏರಿಯಲ್ ಎಂದು ಬರೆದಿರುವ ತೂತಿಗೆ ಯಾವ ತಂತಿ ಹಾಕಬೇಕು?" ಎಂದು ಕೇಳಿದಳು. ಕಾಫಿ ಆರುತ್ತಿತ್ತು, ಕುರ್ಚಿಗಳನ್ನು ಮಡಿಚುವ ಸದ್ದು ಶುರುವಾಗಿತ್ತು. ಎರಡು ಮಾತಿನಲ್ಲಿ ಉತ್ತರ ಹೇಳಿ ಕುಳಿತೆವು. ಮನೆಗೆ ಬಂದು ಯೋಚಿಸಿದಾಗ, ನಾವು ಒಂದು ಗಂಟೆ ಹೇಳಿದ ಇತಿಹಾಸವೆಲ್ಲ ಆ ಮಗುವಿನ ಪ್ರಶ್ನೆಯೊಳಗೇ ಅಡಗಿತ್ತೆಂದು ತೋರಿತು. ಆದ್ದರಿಂದ ಈ ಬರಹವನ್ನು ಆಕೆಯ ಪ್ರಶ್ನೆಯ ಸುತ್ತಲೇ ಹೆಣೆದಿದ್ದೇವೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಪ್ರಸಾರ ಮಾಡುವವರ ತಂತಿ ಬೇರೆ, ಕೇಳುವವರ ತಂತಿ ಬೇರೆ. ಮೊದಲನೆಯದಕ್ಕೆ ದಪ್ಪ ಬೇಕು, ಶುದ್ಧ ಲೋಹ ಬೇಕು, ಹಣ ಬೇಕು. ಎರಡನೆಯದಕ್ಕೆ ಇವು ಯಾವುವೂ ಅಷ್ಟಾಗಿ ಬೇಡ. ಅದು ಗಾಳಿಗೆ ಹರಿಯದೆ, ಮಂಜಿಗೆ ಕಿಲುಬು ಹಿಡಿಯದೆ, ಮನೆಯ ಗದ್ದಲದಿಂದ ದೂರ ನಿಂತರೆ ಸಾಕು. ಈ ಸರಳ ಸಂಗತಿಯನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. 1984ರ ಒಂದು ಬೆಳಗಿನ ಜಾವ ಪೆಟ್ಟು ತಿಂದು ಕಲಿತೆವು. ಆ ಕಥೆಗೆ ಆಮೇಲೆ ಬರುತ್ತೇವೆ.

ನಮ್ಮ ಪೀಳಿಗೆಯ ಬಹುಮಂದಿಗೆ ಊರಿನ ಮನೆಯ ಏರಿಯಲ್ ನೆನಪಿರಬಹುದು. ನಡುಮನೆಯ ಒಂದು ಗೋಡೆಯಿಂದ ಎದುರು ಗೋಡೆಗೆ, ಸೂರಿಗೆ ಸಮೀಪವಾಗಿ, ತಾಮ್ರದ ಎಳೆಗಳಿಂದ ಹೆಣೆದ ಪಟ್ಟಿಯೊಂದನ್ನು ಬಿಗಿದಿರುತ್ತಿದ್ದರು. ಎರಡು ತುದಿಗೂ ಪಿಂಗಾಣಿಯ ಗುಂಡು. ಅಲ್ಲಿಂದ ಇಳಿದ ತಂತಿ, ಕಸೂತಿ ಹಾಕಿದ ಬಟ್ಟೆ ಹೊದ್ದ ಮರ್ಫಿ ಅಥವಾ ಫಿಲಿಪ್ಸ್ ಪೆಟ್ಟಿಗೆಯ ಹಿಂಬದಿಗೆ. ದಸರೆಯ ಹೊತ್ತಿಗೆ ಮನೆಗೆ ಸುಣ್ಣ ಹೊಡೆಯುವಾಗ ಅದನ್ನು ಬಿಚ್ಚಿ, ಹುಣಸೆಹಣ್ಣು ಹಾಕಿ ತಿಕ್ಕಿ, ಮತ್ತೆ ಕಟ್ಟುವ ಕೆಲಸ ಮನೆಯ ಹುಡುಗರದು. ರೇಡಿಯೋಗೆ ಅಂಚೆ ಕಚೇರಿಯಲ್ಲಿ ವರ್ಷ ವರ್ಷ ಹಣ ಕಟ್ಟಿ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಳ್ಳಬೇಕಾಗಿತ್ತು. ಆ ಪರವಾನಗಿ ಪದ್ಧತಿ ಪೂರ್ತಿ ಹೋದದ್ದು 1980ರ ದಶಕದಲ್ಲಿ.

ಇನ್ನೂ ಹಿಂದಕ್ಕೆ ಹೋದರೆ, ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ 'ಆಕಾಶವಾಣಿ' ಎಂಬ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅದರ ಪ್ರೇಷಕದ ಶಕ್ತಿ ಕೇವಲ 30 ವಾಟ್. ಇಂದು ಅಡುಗೆಮನೆಯಲ್ಲಿ ಉರಿಯುವ ಹಳೆಯ ಬಲ್ಬಿಗೂ ಅದಕ್ಕಿಂತ ಹೆಚ್ಚು ಶಕ್ತಿಯಿತ್ತು. 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಆಕಾಶವಾಣಿ ಸ್ಥಾಪಿಸಿದ ಕಿರುತರಂಗದ ಪ್ರೇಷಕಗಳು ಒಂದೊಂದೂ 500 ಕಿಲೋವಾಟ್, ಅಂದರೆ ಗೋಪಾಲಸ್ವಾಮಿಯವರ ಯಂತ್ರದ ಹದಿನಾರು ಸಾವಿರ ಪಟ್ಟಿಗೂ ಮೀರಿದ ಶಕ್ತಿ. 30 ವಾಟಿನ ಕೇಂದ್ರ ಕಿವಿಗೆ ಬೀಳಬೇಕಾದರೆ ಉಳಿದ ಕೆಲಸವನ್ನು ಕೇಳುವವನ ತಂತಿಯೇ ಮಾಡಬೇಕು. ಪ್ರಸಾರದ ಇತಿಹಾಸ ಬರೆಯುವವರು ಪ್ರೇಷಕಗಳ ಶಕ್ತಿಯನ್ನು ಎಣಿಸುತ್ತಾರೆ. ಮಾಳಿಗೆಯ ಮೇಲಿನ ತಂತಿಗಳನ್ನು ಯಾರೂ ಎಣಿಸಿದಂತಿಲ್ಲ.

ಈಗ ನಾವು ನೆಲೆಸಿರುವ ಈ ಕಣಿವೆಗೆ ಬರೋಣ. ಇದಕ್ಕೆ ಸಿಲಿಕಾನ್ ಎಂಬ ಹೆಸರು ಬರುವುದಕ್ಕೆ ಆರು ದಶಕ ಮೊದಲೇ ಇಲ್ಲಿ ಬಾನುಲಿಯ ತಂತಿಗಳು ಎದ್ದಿದ್ದವು. 1909ರಲ್ಲಿ ಸ್ಯಾನ್ ಹೋಸೆ ಪೇಟೆಯ ಗಾರ್ಡನ್ ಸಿಟಿ ಬ್ಯಾಂಕ್ ಕಟ್ಟಡದಲ್ಲಿ ಚಾರ್ಲ್ಸ್ ಹೆರಾಲ್ಡ್ ಎಂಬಾತ ನಿಸ್ತಂತು ಶಾಲೆಯೊಂದನ್ನು ತೆರೆದು, ಆ ಕಟ್ಟಡದ ನೆತ್ತಿಯಿಂದ ಸುತ್ತಲ ಕಟ್ಟಡಗಳ ಮಾಳಿಗೆಗಳಿಗೆ ತಂತಿಗಳ ದೊಡ್ಡದೊಂದು ಜಾಲವನ್ನು ಹರಡಿದನು. ಆತನೂ ಆತನ ಪತ್ನಿ ಸಿಬಿಲ್ ಅವರೂ ಅಲ್ಲಿಂದ ಮಾತು ಮತ್ತು ಸಂಗೀತವನ್ನು ಬಿತ್ತರಿಸುತ್ತಿದ್ದರು. ನಮ್ಮಲ್ಲಿ ಅನೇಕರು ಕಾರಿನಲ್ಲಿ ಟ್ರಾಫಿಕ್ ಸುದ್ದಿಗಾಗಿ ಕೇಳುತ್ತ ಬಂದ ಕೆ.ಸಿ.ಬಿ.ಎಸ್. ಕೇಂದ್ರದ ವಂಶವೃಕ್ಷದ ಬೇರು ಅಲ್ಲಿದೆ. ಅದೇ 1909ರಲ್ಲಿ, ಸ್ಟ್ಯಾನ್‌ಫರ್ಡಿನಲ್ಲಿ ಓದಿದ ಸಿರಿಲ್ ಎಲ್ವೆಲ್ ಡೆನ್ಮಾರ್ಕಿನ ಪೌಲ್ಸನ್ ಎಂಬ ವಿಜ್ಞಾನಿಯ ಆರ್ಕ್ ಪ್ರೇಷಕದ ಹಕ್ಕನ್ನು ಪಡೆದು ಪಾಲೋ ಆಲ್ಟೋದಲ್ಲಿ ಕಂಪನಿ ಕಟ್ಟಿದನು. ಅದೇ ಮುಂದೆ ಫೆಡರಲ್ ಟೆಲಿಗ್ರಾಫ್ ಆಯಿತು. 1912ರಲ್ಲಿ ಈ ಕಂಪನಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊನೊಲುಲುವಿಗೆ ನಿಸ್ತಂತು ಸಂಪರ್ಕ ಕಲ್ಪಿಸಿತು. ಎಮರ್ಸನ್ ಬೀದಿಯಲ್ಲಿದ್ದ ಇದರ ಪ್ರಯೋಗಾಲಯದಲ್ಲಿಯೇ ಲೀ ಡಿ ಫಾರೆಸ್ಟ್ ತನ್ನ ಆಡಿಯಾನ್ ನಳಿಕೆಯಿಂದ ಕ್ಷೀಣ ಧ್ವನಿಯನ್ನು ವರ್ಧಿಸಬಹುದೆಂದು ತೋರಿಸಿದನು.

ಈ ವರ್ಧಕ ಕೇಳುಗರ ಪಾಲಿಗೆ ಏನು ಮಾಡಿತೆಂಬುದನ್ನು ಗಮನಿಸಬೇಕು. ಅದಕ್ಕೆ ಮೊದಲು ಕಿವಿಯ ಹೆಡ್‌ಫೋನನ್ನು ಅಲುಗಿಸುವ ಶಕ್ತಿಯೆಲ್ಲ ತಂತಿಯಿಂದಲೇ ಬರಬೇಕಾಗಿತ್ತು. ಆದುದರಿಂದ ತಂತಿ ದೊಡ್ಡದಾಗಿರಬೇಕಿತ್ತು, ಅದರಲ್ಲಿ ಕಿಂಚಿತ್ತೂ ಸೋರಿಹೋಗಬಾರದಿತ್ತು. ನಳಿಕೆ ಬಂದ ಮೇಲೆ ತಂತಿಯ ಹೊಣೆ ಹಗುರವಾಯಿತು. ಏಳು ಎಳೆಗಳನ್ನು ಹೊಸೆದ ತಾಮ್ರ ಅಥವಾ ಫಾಸ್ಫರ್ ಕಂಚಿನ ದುಬಾರಿ ಹಗ್ಗಗಳೇ ಬೇಕೆಂಬ ನಂಬಿಕೆ ಮಾತ್ರ ಬಹುಕಾಲ ಉಳಿದುಕೊಂಡಿತು. ಇಂದಿಗೂ ಅಂಗಡಿಯವರು ಅದರ ಲಾಭ ಪಡೆಯುತ್ತಾರೆ.

ಕೇಳುವ ತಂತಿಯನ್ನು ಬಿತ್ತರಿಸುವ ತಂತಿಯಿಂದ ಬೇರ್ಪಡಿಸಬೇಕೆಂಬ ವಿವೇಕಕ್ಕೆ ನಮ್ಮ ಪ್ರದೇಶದಲ್ಲಿಯೇ ಉತ್ತಮ ನಿದರ್ಶನವಿದೆ. 1914ರಲ್ಲಿ ಮಾರ್ಕೋನಿ ಕಂಪನಿ ಪೆಸಿಫಿಕ್ ಸಾಗರದಾಚೆಗಿನ ಸಂದೇಶಗಳಿಗಾಗಿ ಪ್ರೇಷಕವನ್ನು ಬೊಲಿನಾಸ್‌ನಲ್ಲಿಯೂ, ಗ್ರಾಹಕವನ್ನು ಟೊಮಾಲೆಸ್ ಕೊಲ್ಲಿಯ ದಡದ ಮಾರ್ಷಲ್‌ನಲ್ಲಿಯೂ ಸ್ಥಾಪಿಸಿತು. ಪಕ್ಕದಲ್ಲೇ ತಮಟೆ ಬಡಿಯುತ್ತಿದ್ದರೆ ದೂರದ ಪಿಸುಮಾತು ಕೇಳಿಸೀತೆ? ಕಿರುತರಂಗದ ಕಾಲ ಬಂದ ಮೇಲೆ ಕೇಳುವ ಕೇಂದ್ರ ಪಾಯಿಂಟ್ ರೆಯೆಸ್‌ಗೆ ಬದಲಾಯಿತು. ನಮ್ಮ ದೇಶದಲ್ಲಿಯೂ ಹಾಗೆಯೇ. 1927ರಲ್ಲಿ ಇಂಗ್ಲೆಂಡಿಗೂ ಭಾರತಕ್ಕೂ ಕಿರುತರಂಗದ ಸಂಪರ್ಕ ಏರ್ಪಟ್ಟಾಗ ಪ್ರೇಷಕ ಪುಣೆಯ ಬಳಿ ಖಡ್ಕಿಯಲ್ಲಿತ್ತು, ಗ್ರಾಹಕ ದೂರದ ದೌಂಡ್‌ನಲ್ಲಿ.

ತಂತಿ ಕಟ್ಟುವುದು ಸದಾ ನಿರಪಾಯದ ಹವ್ಯಾಸವಾಗಿರಲಿಲ್ಲ ಎಂಬುದನ್ನೂ ನೆನೆಯಬೇಕು. 1917ರ ಏಪ್ರಿಲಿನಲ್ಲಿ ಅಮೆರಿಕ ಯುದ್ಧಕ್ಕಿಳಿದಾಗ ಖಾಸಗಿ ನಿಸ್ತಂತು ಕೇಂದ್ರಗಳೆಲ್ಲವನ್ನೂ ಮುಚ್ಚಿಸಿದರು. ಬಿತ್ತರಿಸುವುದಿರಲಿ, ಸುಮ್ಮನೆ ಕೇಳುವುದಕ್ಕೂ ನಿಷೇಧವಿತ್ತು. ಹುಡುಗರು ಮಾಳಿಗೆಯ ತಂತಿಗಳನ್ನು ಇಳಿಸಬೇಕಾಯಿತು. ಮತ್ತೆ ಕೇಳಲು ಅನುಮತಿ ದೊರೆತದ್ದು 1919ರಲ್ಲಿ. ಭಾರತದಲ್ಲಿ 1942ರ ಚಳವಳಿಯ ಕಾಲದಲ್ಲಿ ಉಷಾ ಮೆಹ್ತಾ ಮತ್ತವರ ಸಂಗಡಿಗರು ಮುಂಬಯಿಯಲ್ಲಿ ಕಾಂಗ್ರೆಸ್ ರೇಡಿಯೋವನ್ನು ಗುಟ್ಟಾಗಿ ನಡೆಸಿದಾಗ, ಪೊಲೀಸರ ಕಣ್ಣು ತಪ್ಪಿಸಲು ಜಾಗದಿಂದ ಜಾಗಕ್ಕೆ ಓಡಾಡಬೇಕಾಗಿತ್ತು. ಆಗಸ್ಟಿನಲ್ಲಿ ಆರಂಭವಾದ ಆ ಬಾನುಲಿ ನವೆಂಬರಿನಲ್ಲಿ ಸಿಕ್ಕಿಬಿತ್ತು.

ದೂರದ ದನಿಯನ್ನು ಕೇಳಲು ಯಾವ ತಂತಿ ಎಂಬ ಪ್ರಶ್ನೆಗೆ ಮೊದಲ ದಿಟ್ಟ ಉತ್ತರ ದೊರೆತದ್ದು 1921ರ ಡಿಸೆಂಬರಿನಲ್ಲಿ. ಅಮೆರಿಕದ ಹವ್ಯಾಸಿಗಳು ಸುಮಾರು 200 ಮೀಟರಿನ ತರಂಗದಲ್ಲಿ ಕಳುಹಿಸುವ ಸಂಕೇತ ಅಟ್ಲಾಂಟಿಕ್ ದಾಟೀತೇ ಎಂದು ಪರೀಕ್ಷಿಸಲು ಪಾಲ್ ಗಾಡ್ಲಿ ಎಂಬವರು ಸ್ಕಾಟ್ಲೆಂಡಿನ ಆರ್ಡ್ರಾಸನ್ ಊರಿನ ಕಡಲ ದಂಡೆಗೆ ಹೋದರು. ಅವರು ಎತ್ತರದ ಗೋಪುರ ಕಟ್ಟಲಿಲ್ಲ. ಹೆರಾಲ್ಡ್ ಬೆವರೇಜ್ ರೂಪಿಸಿದ ವಿಧಾನದಂತೆ, ಗಿಡ್ಡ ಕಂಬಗಳ ಮೇಲೆ ಸುಮಾರು 1300 ಅಡಿ ಉದ್ದದ ಒಂದೇ ಒಂದು ತಂತಿಯನ್ನು ಅಮೆರಿಕದ ದಿಕ್ಕಿಗೆ ನೆಟ್ಟಗೆ ಎಳೆದು, ಗುಡಾರದಲ್ಲಿ ಕುಳಿತು ಕೇಳಿದರು. ಡಜನ್‌ಗಟ್ಟಲೆ ಕೇಂದ್ರಗಳು ಕೇಳಿಸಿದವು! ಬೆವರೇಜ್ ತಂತಿಯ ಗುಟ್ಟು ವಿಚಿತ್ರವಾದುದು. ಅದು ಹಿಡಿಯುವ ಶಕ್ತಿ ಬಹಳ ಕಡಿಮೆ. ಆದರೆ ಬೇಕಾದ ದಿಕ್ಕನ್ನು ಬಿಟ್ಟು ಬೇರೆಡೆಯಿಂದ ಬರುವ ಗದ್ದಲವನ್ನು ಅದು ಇನ್ನೂ ಕಡಿಮೆ ಹಿಡಿಯುತ್ತದೆ. ಕೇಳುವವನಿಗೆ ಬೇಕಾದುದು ಜೋರಲ್ಲ, ಸ್ಪಷ್ಟತೆ.

ಇದರ ಹಿಂದಿನ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ. ಕಿರುತರಂಗದಲ್ಲಿ, ಅದರಲ್ಲಿಯೂ ಸುಮಾರು 15 ಮೆಗಾಹರ್ಟ್ಸ್‌ಗಿಂತ ಕೆಳಗೆ, ಸಿಡಿಲು ಮಿಂಚುಗಳಿಂದಲೂ ನಮ್ಮದೇ ಯಂತ್ರಗಳಿಂದಲೂ ಹುಟ್ಟುವ ಗದ್ದಲ ಆಕಾಶದಲ್ಲಿ ತುಂಬಿರುತ್ತದೆ. ಒಳ್ಳೆಯ ಗ್ರಾಹಕದ ಒಳಗಿನ ಸದ್ದಿಗಿಂತ ಹೊರಗಿನ ಈ ಗದ್ದಲವೇ ಹೆಚ್ಚು. ತಂತಿಯ ಲೋಹ ಕಳಪೆಯಾಗಿದ್ದು ಹತ್ತರಲ್ಲಿ ಎರಡು ಪಾಲು ಶಕ್ತಿಯನ್ನು ನುಂಗಿತೆನ್ನಿ. ಬೇಕಾದ ದನಿಯೂ ಬೇಡದ ಗದ್ದಲವೂ ಒಂದೇ ಪ್ರಮಾಣದಲ್ಲಿ ಕುಗ್ಗುತ್ತವೆ. ಗುಂಡಿಯನ್ನು ಒಂದಿಷ್ಟು ತಿರುಗಿಸಿದರೆ ಮೊದಲಿನಂತೆಯೇ ಕೇಳಿಸುತ್ತದೆ. ಪ್ರಸಾರ ಮಾಡುವವನಿಗೆ ಹಾಗಲ್ಲ. ಅವನ ಎರಡು ಪಾಲು ಶಕ್ತಿ ಬಿಸಿಯಾಗಿ ಹಾಳಾದರೆ ಹಾಳೇ.

ಇನ್ನು ದಪ್ಪದ ಮಾತು. ಇಷ್ಟು ವೇಗವಾಗಿ ಮಿಡಿಯುವ ವಿದ್ಯುತ್ತು ತಂತಿಯ ಒಡಲಿನಲ್ಲಿ ಹರಿಯುವುದಿಲ್ಲ, ಮೇಲ್ಪದರದಲ್ಲಿಯೇ ಹರಿಯುತ್ತದೆ. 10 ಮೆಗಾಹರ್ಟ್ಸ್‌ನಲ್ಲಿ ತಾಮ್ರದ ಆ ಪದರದ ಆಳ ಒಂದು ಮಿಲಿಮೀಟರಿನ ನೂರನೆಯ ಎರಡು ಭಾಗ ಮಾತ್ರ. ಅದಕ್ಕೇ ಉಕ್ಕಿನ ಎಳೆಗೆ ತಾಮ್ರದ ಹೊದಿಕೆ ಹಾಕಿದ ತಂತಿ ಅಚ್ಚ ತಾಮ್ರದಂತೆಯೇ ಕೆಲಸ ಮಾಡುತ್ತದೆ, ಜೊತೆಗೆ ಗಾಳಿಗೆ ಜಗ್ಗುವುದಿಲ್ಲ. ಬರಿಯ ಕಬ್ಬಿಣದ ತಂತಿ ಮಾತ್ರ ತನ್ನ ಅಯಸ್ಕಾಂತ ಗುಣದಿಂದಾಗಿ ಹೆಚ್ಚು ಶಕ್ತಿ ನುಂಗುತ್ತದೆ, ತುಕ್ಕು ಹಿಡಿಯುತ್ತದೆ.

ಇಷ್ಟೆಲ್ಲ ತಿಳಿದಿದ್ದರೆ ನಾವು 1984ರಲ್ಲಿ ಪೇಚಿಗೆ ಸಿಲುಕುತ್ತಿರಲಿಲ್ಲ. ಆಗ ನಾವು ಡೇಲಿ ಸಿಟಿಯಲ್ಲಿದ್ದೆವು. ಬೇಸಿಗೆಯಲ್ಲಿಯೂ ಕಡಲ ಮಂಜು ಕಿಟಕಿಯ ಗಾಜಿಗೆ ಬಂದು ಒರಗುವ ಊರು ಅದು. ಅಗ್ಗಕ್ಕೆ ಸಿಕ್ಕಿತೆಂದು, ದನಗಳ ಬೇಲಿಗೆ ಬಳಸುವ ಅಲ್ಯೂಮಿನಿಯಂ ತಂತಿಯನ್ನು ಹಿತ್ತಲಿನಲ್ಲಿ ಕಟ್ಟಿ, ಅದರ ತುದಿಗೆ ತಾಮ್ರದ ತಂತಿಯನ್ನು ಕೈಯಿಂದಲೇ ಹೊಸೆದು ಮನೆಯೊಳಕ್ಕೆ ತಂದಿದ್ದೆವು. ಮೊದಲ ವರ್ಷ ಸೊಗಸಾಗಿ ಕೇಳಿಸಿತು. ಆ ಕಾಲದಲ್ಲಿ ಊರಿಗೆ ಫೋನು ಮಾಡುವುದು ದುಬಾರಿ, ಕಾಗದ ಬರಲು ಎರಡು ವಾರ. ಬೆಳಗ್ಗೆ ಆಕಾಶವಾಣಿಯ ಆರಂಭದ ನಾದ ಕೇಳಿಸಿದರೆ ಮನೆಯಲ್ಲಿ ದೀಪ ಹಚ್ಚಿದಂತಾಗುತ್ತಿತ್ತು.

ಅಕ್ಟೋಬರ್ 30ರ ರಾತ್ರಿ ಇಂದಿರಾ ಗಾಂಧಿಯವರಿಗೆ ಗುಂಡೇಟು ಬಿದ್ದ ಸುದ್ದಿ ಇಲ್ಲಿನ ಟೆಲಿವಿಷನ್ನಿನಲ್ಲಿ ಬಂತು. ಭಾರತದಲ್ಲಿ ಆಗ 31ರ ಬೆಳಗ್ಗೆ. ದೆಹಲಿಯಲ್ಲಿ ತಮ್ಮನಿದ್ದ ಸ್ನೇಹಿತರೊಬ್ಬರು ಕುಟುಂಬ ಸಮೇತ ನಮ್ಮ ಮನೆಗೆ ಬಂದರು. ಫೋನು ಸಿಗುತ್ತಿರಲಿಲ್ಲ. ಆಕಾಶವಾಣಿ ಆ ಸಾವನ್ನು ಭಾರತದ ಸಂಜೆಯವರೆಗೂ ಘೋಷಿಸಲಿಲ್ಲ. ಇಲ್ಲಿನ ಲೆಕ್ಕದಲ್ಲಿ ಅದು ಬೆಳಗಿನ ಜಾವ. ಎಂಟು ಜನ ರೇಡಿಯೋ ಸುತ್ತ ಕುಳಿತಿದ್ದೆವು. ಪೆಟ್ಟಿಗೆಯಿಂದ ಬಂದುದು ಗರಗರ ಸದ್ದು. ನಡುನಡುವೆ ಒಂದು ಪದ, ಮತ್ತೆ ಗರಗರ. ಗಾಳಿ ಬೀಸಿದಾಗಲೆಲ್ಲ ಸದ್ದು ಜೋರಾಗುತ್ತಿತ್ತು. ಟಾರ್ಚ್ ಹಿಡಿದು ಹಿತ್ತಲಿಗೆ ಹೋಗಿ ನೋಡಿದರೆ, ತಾಮ್ರವೂ ಅಲ್ಯೂಮಿನಿಯಮ್ಮೂ ಕೂಡಿದ ಜಾಗದಲ್ಲಿ ಬಿಳಿಯ ಪುಡಿ ಮೆತ್ತಿಕೊಂಡಿತ್ತು. ಉಪ್ಪಿನ ಮಂಜಿನಲ್ಲಿ ಎರಡು ಲೋಹಗಳು ಒಂದನ್ನೊಂದು ತಿಂದುಹಾಕಿದ್ದವು. ಚಾಕುವಿನಿಂದ ಕೆರೆದು ಮತ್ತೆ ಹೊಸೆದು ಒಳಗೆ ಬರುವಷ್ಟರಲ್ಲಿ ವಾರ್ತೆ ಮುಗಿದು ಶೋಕಸಂಗೀತ ಮೊದಲಾಗಿತ್ತು. ಅದು ಮಾತ್ರ ನಿಚ್ಚಳವಾಗಿ ಕೇಳಿಸಿತು. ಸ್ನೇಹಿತರ ತಮ್ಮನ ಕ್ಷೇಮ ತಿಳಿದದ್ದು ಆರು ದಿನಗಳ ಮೇಲೆ. ರೇಡಿಯೋದಿಂದ ಅದು ತಿಳಿಯುತ್ತಿತ್ತೆಂದೇನೂ ಅಲ್ಲ. ಆದರೂ ಆ ಗರಗರ ಸದ್ದು ನಮ್ಮ ಕಿವಿಯಿಂದ ಹೋಗಿಲ್ಲ.

ಆದ್ದರಿಂದ ಆ ಹುಡುಗಿಗೆ ನಮ್ಮ ಸಲಹೆ ಹೀಗೆ. ಪ್ಲಾಸ್ಟಿಕ್ ಹೊದಿಕೆಯ, ಹಲವು ಎಳೆಗಳ ತಾಮ್ರದ ತಂತಿ, ಅಮೆರಿಕದ ಅಳತೆಯಲ್ಲಿ 14ರಿಂದ 18ನೆಯ ನಂಬರಿನೊಳಗೆ ಯಾವುದಾದರೂ ಸರಿ. ಬರಿಯ ತಂತಿಯೇ ಹೆಚ್ಚು 'ಹಿಡಿಯುತ್ತದೆ' ಎಂಬ ಮಾತನ್ನು ನಂಬಬೇಡಿ, ಹೊದಿಕೆ ತರಂಗಗಳನ್ನು ತಡೆಯುವುದಿಲ್ಲ, ಕಿಲುಬನ್ನು ತಡೆಯುತ್ತದೆ. ಊರಿನಿಂದ ತಂತಿ ತರಿಸುವವರು ಮಾತ್ರ ಒಂದು ಎಚ್ಚರ ವಹಿಸಬೇಕು. ಅಲ್ಲಿನ ಅಂಗಡಿಗಳಲ್ಲಿ ಬಳಕೆಯಲ್ಲಿದ್ದುದು ಬ್ರಿಟಿಷ್ ಅಳತೆ, ಒಂದೇ ನಂಬರಿನ ತಂತಿ ಅಲ್ಲಿ ತುಸು ದಪ್ಪ. ಉದ್ದ ನಲವತ್ತರಿಂದ ಎಪ್ಪತ್ತು ಅಡಿ ಇದ್ದರೆ ಬೇಕಾದಷ್ಟಾಯಿತು. ಲೋಹ ಎಲ್ಲೆಡೆ ಒಂದೇ ಇರಲಿ. ಕೂಡಿಸಿದ ಕಡೆ ಬೆಸುಗೆ ಹಾಕಿ ಟೇಪು ಸುತ್ತಬೇಕು. ಮರಕ್ಕೆ ಕಟ್ಟುವುದಾದರೆ ಮರ ತೂಗಾಡುವಾಗ ತಂತಿ ಹರಿಯದಂತೆ ಹಗ್ಗದಲ್ಲಿ ಸ್ವಲ್ಪ ಸಡಿಲ ಬಿಡಬೇಕು. ವಿದ್ಯುತ್ ಕಂಬದ ತಂತಿಗಳ ಮೇಲೆ, ಕೆಳಗೆ, ಹತ್ತಿರ ಎಲ್ಲಿಯೂ ಇದು ಹಾಯಬಾರದು. ಇದರಲ್ಲಿ ಪ್ರಾಣದ ಪ್ರಶ್ನೆಯಿದೆ. ಗುಡುಗು ಕೇಳಿಸುವ ಮೊದಲೇ ರೇಡಿಯೋದಿಂದ ಕಳಚಿಡಬೇಕು.

ದಿಕ್ಕಿನ ವಿಷಯದಲ್ಲೊಂದು ಸ್ವಾರಸ್ಯವಿದೆ. ಭಾರತ ಪಶ್ಚಿಮಕ್ಕಿದೆ, ಸಾಗರದಾಚೆ ಇದೆ ಎಂದು ನಾವೆಲ್ಲ ಭಾವಿಸಿರುತ್ತೇವೆ. ಮಕ್ಕಳ ಮೇಜಿನ ಮೇಲಿನ ಭೂಗೋಳವನ್ನು ತೆಗೆದುಕೊಂಡು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಒಂದು ದಾರವನ್ನು ಬಿಗಿಯಾಗಿ ಎಳೆದು ನೋಡಿ. ಆ ದಾರ ಉತ್ತರಕ್ಕೇ ಹೊರಟು, ಪಶ್ಚಿಮಕ್ಕೆ ಸುಮಾರು 24 ಡಿಗ್ರಿ ವಾಲಿ, ಅಲಾಸ್ಕದ ಮೇಲೆ ಹಾದು, ಸೈಬೀರಿಯದ ಉತ್ತರ ಕರಾವಳಿಯನ್ನು ಮುಟ್ಟಿ, ಬೈಕಲ್ ಸರೋವರದ ಪಶ್ಚಿಮಕ್ಕೆ ಇಳಿದು, ಹಿಮಾಲಯ ದಾಟಿ ಊರು ಸೇರುತ್ತದೆ. ದೂರ ಸುಮಾರು 14,000 ಕಿಲೋಮೀಟರ್. ಧ್ರುವಪ್ರಭೆಯ ನಾಡಿನ ಮೂಲಕ ಬರುವುದರಿಂದಲೇ ನಮ್ಮೂರಿನ ದನಿಗೆ ಆ ನಡುಕ. ನೀರಿನಡಿಯಿಂದ ಮಾತನಾಡಿದಂತೆ ಏರಿಳಿಯುವ ಆ ದನಿಯನ್ನು ಕೇಳಿದವರು ಮರೆಯುವುದಿಲ್ಲ. ಎತ್ತರದಲ್ಲಿ ಕಟ್ಟಿದ ತಂತಿ, ಅರ್ಧ ತರಂಗದಷ್ಟು ಉದ್ದವಿದ್ದರೆ, ತನ್ನ ಮಗ್ಗುಲಿನಿಂದ ಬರುವುದನ್ನು ಚೆನ್ನಾಗಿ ಹಿಡಿಯುತ್ತದೆ. ಹಾಗಾಗಿ ಅದು ಹೆಚ್ಚುಕಡಮೆ ಪೂರ್ವ-ಪಶ್ಚಿಮವಾಗಿ, ಪಶ್ಚಿಮದ ತುದಿ ತುಸು ದಕ್ಷಿಣಕ್ಕೆ ಸರಿದಂತೆ ಇರಬೇಕು. ಬೇಲಿಯ ಎತ್ತರದಲ್ಲಿ ಕಟ್ಟುವವರಿಗೆ ಈ ಲೆಕ್ಕ ಅಷ್ಟಾಗಿ ಅನ್ವಯಿಸದು.

ಈಗಿನ ಮನೆಗಳ ತೊಡಕು ಬೇರೆ. ನಾವು ಆಮೇಲೆ ವಾಸಿಸಿದ ಬಡಾವಣೆಯ ವಸತಿ ಸಂಘದವರು ತಂತಿಯನ್ನು ಕಂಡು ಕಾಗದ ಬರೆದರು. 1996ರಲ್ಲಿ ಬಂದ ಕೇಂದ್ರ ಸರ್ಕಾರದ ನಿಯಮ ಟೆಲಿವಿಷನ್ ಏರಿಯಲ್‌ಗೂ ಚಿಕ್ಕ ಉಪಗ್ರಹ ತಟ್ಟೆಗೂ ರಕ್ಷಣೆ ಕೊಡುತ್ತದೆ, ಕಿರುತರಂಗ ಕೇಳುವವರ ತಂತಿಗೆ ಕೊಡುವುದಿಲ್ಲ. ವಾದ ಹೂಡುವ ಬದಲು ನಾವು ತಂತಿಯನ್ನೇ ಬದಲಾಯಿಸಿದೆವು. ಮೋಟಾರು ಸುತ್ತಲು ಬಳಸುವ ಎನಾಮಲ್ ಲೇಪದ 26ನೆಯ ನಂಬರಿನ ತಂತಿ ಅರ್ಧ ಮಿಲಿಮೀಟರ್ ದಪ್ಪವೂ ಇಲ್ಲ. ಹತ್ತು ಹೆಜ್ಜೆಯಾಚೆ ಕಣ್ಣಿಗೆ ಕಾಣುವುದಿಲ್ಲ. ಕೇಳಲು ದಪ್ಪ ತಂತಿಗೂ ಇದಕ್ಕೂ ನಮಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ. ವರ್ಷಕ್ಕೊಮ್ಮೆ ಹಕ್ಕಿಯೋ ಅಳಿಲೋ ಹರಿಯುತ್ತದೆ, ಮತ್ತೆ ಕಟ್ಟುತ್ತೇವೆ. ಅದಕ್ಕಿಂತ ದೊಡ್ಡ ಶತ್ರು ಮನೆಯೊಳಗಿದೆ. ಕಂಪ್ಯೂಟರು, ಫೋನಿನ ಚಾರ್ಜರು, ಎಲ್.ಇ.ಡಿ. ದೀಪ, ಸೂರಿನ ಮೇಲಿನ ಸೌರಫಲಕದ ಇನ್ವರ್ಟರು, ಇವೆಲ್ಲ ಕಿರುತರಂಗದಲ್ಲಿ ಗುಂಯ್‌ಗುಡುತ್ತವೆ. ಆದ್ದರಿಂದ ತಂತಿಯನ್ನು ಹಿತ್ತಲಿನ ಕೊನೆಯಲ್ಲಿ ಕಟ್ಟಿ, ಅಲ್ಲಿಯೇ ಒಂಬತ್ತಕ್ಕೊಂದರ ಅನುಪಾತದ ಪುಟ್ಟ ಟ್ರಾನ್ಸ್‌ಫಾರ್ಮರ್ ಇಟ್ಟು, ಕೇಬಲ್ ಟಿ.ವಿ.ಗೆ ಬಳಸುವಂಥ ಕೋಆಕ್ಸಿಯಲ್ ಕೇಬಲ್ಲಿನಲ್ಲಿ ಮನೆಯೊಳಕ್ಕೆ ತರಬೇಕು. ಬೊಲಿನಾಸನ್ನೂ ಮಾರ್ಷಲ್ಲನ್ನೂ ಬೇರೆಬೇರೆ ಇಟ್ಟವರು ಮಾಡಿದ್ದೂ ಇದನ್ನೇ.

ಕೇಳಲು ಈಗ ಏನಿದೆ ಎಂದು ಕೇಳಬಹುದು. ಆಕಾಶವಾಣಿಯ ಕಿರುತರಂಗ ಪ್ರಸಾರ ಬಹಳ ಕುಗ್ಗಿದೆ, ಬೆಂಗಳೂರಿನ ಕನ್ನಡ ಕಾರ್ಯಕ್ರಮ ಫೋನಿನಲ್ಲಿಯೇ ಬರುತ್ತದೆ. 1939ರಲ್ಲಿ ಟ್ರೆಷರ್ ಐಲೆಂಡಿನ ಜಾಗತಿಕ ಮೇಳದಲ್ಲಿ ಹುಟ್ಟಿ, ಯುದ್ಧಕಾಲದಲ್ಲಿ ಪೆಸಿಫಿಕ್ ಉದ್ದಕ್ಕೂ ಕೇಳಿಸುತ್ತಿದ್ದ ನಮ್ಮದೇ ಕೆ.ಜಿ.ಇ.ಐ. ಕೇಂದ್ರ 1994ರಲ್ಲಿ ಮೌನವಾಯಿತು. ಆದರೂ ಮುಂಜಾನೆ ನ್ಯೂಜಿಲೆಂಡ್ ಕೇಳಿಸುತ್ತದೆ, ಚೀನಾ ಕೇಳಿಸುತ್ತದೆ, 10 ಮೆಗಾಹರ್ಟ್ಸ್‌ನಲ್ಲಿ ಕೊಲೊರಾಡೊದ ಡಬ್ಲ್ಯೂ.ಡಬ್ಲ್ಯೂ.ವಿ. ಕೇಂದ್ರ ಸೆಕೆಂಡು ಸೆಕೆಂಡಿಗೂ ಟಿಕ್ ಎನ್ನುತ್ತದೆ. ಹೊಸ ತಂತಿಯನ್ನು ಪರೀಕ್ಷಿಸಲು ಅದಕ್ಕಿಂತ ಒಳ್ಳೆಯ ಸದ್ದಿಲ್ಲ. ಅಮೆರಿಕದ ವಾಣಿಜ್ಯ ಮೋರ್ಸ್ ಸಂದೇಶಗಳು 1999ರ ಜುಲೈ 12ರಂದು ಕೊನೆಗೊಂಡವು. ಅದರ ನೆನಪಿಗಾಗಿ ಪ್ರತಿವರ್ಷ ಅದೇ ದಿನ ಸಂಜೆ, ಪಾಯಿಂಟ್ ರೆಯೆಸ್‌ನ ಹಳೆಯ ಕೆ.ಪಿ.ಎಚ್. ಕೇಂದ್ರವನ್ನು ಅಭಿಮಾನಿಗಳು ಮತ್ತೆ ಉಸಿರಾಡಿಸುತ್ತ ಬಂದಿದ್ದಾರೆ. ಪ್ರೇಷಕ ಇಂದಿಗೂ ಬೊಲಿನಾಸ್‌ನಲ್ಲಿಯೇ.

ಎನಾಮಲ್ ತಂತಿಯ ಒಂದು ಸುರುಳಿ ನಮ್ಮ ಗರಾಜಿನಲ್ಲಿ ಉಳಿದಿದೆ, ನಾಲ್ಕಾರು ಮನೆಗಳಿಗೆ ಸಾಲುವಷ್ಟು. ಆ ಹುಡುಗಿಯ ತಂದೆತಾಯಿಯರು ಈ ಬರಹವನ್ನು ಓದಿದರೆ ದಯವಿಟ್ಟು ಮುಂದಿನ ಸಭೆಗೆ ತಾತನ ರೇಡಿಯೋವನ್ನು ಕಾರಿನಲ್ಲಿ ಹಾಕಿಕೊಂಡು ಬನ್ನಿ. ನಾವು ತಂತಿಯನ್ನೂ ಬೆಸುಗೆಯ ಕಡ್ಡಿಯನ್ನೂ ತರುತ್ತೇವೆ.